ಕೊಡುವ ಆಕ್ಸೆಸ್, ಇರುವ ಆಕ್ಸೆಸ್

ಬೆಳಗಾವಿ ಪಕ್ಕದ ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಒಂದು ಗಾಜಿನ ಬಾಗಿಲಿನ ಹೊರಗೆ ಬಹಳ ಹೊತ್ತು ನಿಂತಿದ್ದೆ. ಒಳಗಿದ್ದದ್ದು ಅಳತೆಯ ಕೋಣೆ. ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಲ್ಲಿ ತಂದಿಟ್ಟು, ಬಿಸಿ ಆರಿದ ಮೇಲೆ ಅಳೆಯುತ್ತಾರೆ. ಆ ಕೆಲಸಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಬೋರ್ಡು: ‘ಆಕ್ಸೆಸ್ ರಿಸ್ಟ್ರಿಕ್ಟೆಡ್ ಟು ಆಥರೈಸ್ಡ್ ಸ್ಟಾಫ್.’ ನನ್ನ ಕೊರಳಿಗೆ ಆಗಷ್ಟೇ ಹಾಕಿದ್ದ ಕಾರ್ಡಿನ ಮೇಲೂ ‘ಆಥರೈಸ್ಡ್ ಸ್ಟಾಫ್’ ಎಂದೇ ಇತ್ತು. ಡಿಪ್ಲೊಮಾ ಮುಗಿಸಿದವಳು ನಾನು, ಅಷ್ಟು ಇಂಗ್ಲಿಷ್ ಬಾರದೆ ಏನು? ಆಕ್ಸೆಸ್ ಅಂದರೆ ಒಳಗೆ ಹೋಗುವುದು. ರಿಸ್ಟ್ರಿಕ್ಟ್ ಅಂದರೆ ತಡೆಯುವುದು. ಟು ಅಂದರೆ ‘ಗೆ’. ಜೋಡಿಸಿ ಓದಿದೆ: ಅಧಿಕೃತ ಸಿಬ್ಬಂದಿಗೆ ತಡೆ ಇದೆ. ನಾನು ಅಧಿಕೃತ ಸಿಬ್ಬಂದಿ. ಅಂದಮೇಲೆ ನನಗೇ ತಡೆ.

ವಯಸ್ಸಾದ ಸೂಪರ್‌ವೈಸರ್ ಒಬ್ಬರು ಚಹಾದ ಲೋಟ ಹಿಡಿದು ಬಂದವರು ನನ್ನನ್ನು ನೋಡಿ ನಿಂತರು.

“ಯಾಕವಾ ತಂಗಿ, ಹೊರಗ ಯಾಕ ನಿಂತಿ? ಒಳಗ ಕೆಲಸ ಕಾಯಾಕತ್ತೈತಿ.”

“ಬೋರ್ಡ್ ನೋಡ್ರಿ ಸರ್. ಸ್ಟಾಫಿಗೆ ಬಂದ್ ಐತಿ ಅಂತ ಬರದೈತಿ.”

ಅವರು ಬೋರ್ಡು ನೋಡಿದರು, ನನ್ನ ಕಾರ್ಡು ನೋಡಿದರು, ಆಮೇಲೆ ಚಹಾ ಚೆಲ್ಲುವಷ್ಟು ನಕ್ಕರು. “ಸ್ಟಾಫಿಗೆ ಅಷ್ಟ ಬಿಡ್ತಾರ ಅಂತ ಅದರ ಅರ್ಥ. ಹೋಗ್ ಹೋಗ್, ನಿನ್ನ ಸಲುವಾಗೇ ಬರದಿದ್ದು ಅದು.” ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನ ತುಂಬ ಈ ಸುದ್ದಿ ಹರಡಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ಆದರೂ ನನ್ನ ಕಿವಿ ಸಂಜೆಯವರೆಗೂ ಬಿಸಿಯಾಗಿತ್ತು. ನನಗೆಂದೇ ತೆರೆದಿಟ್ಟ ಬಾಗಿಲನ್ನು ನಾನೇ ಮುಚ್ಚಿದ ಬಾಗಿಲು ಎಂದು ಓದಿಕೊಂಡಿದ್ದೆನಲ್ಲ ಎಂಬುದು ಒಳಗೇ ಕೊರೆಯುತ್ತಿತ್ತು.

ಆಗ ನಾನು ಬೆಳಗಾವಿಯ ಶಹಾಪುರದ ಕಡೆ ಒಂದು ಹಳೆಯ ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ನಿವೃತ್ತ ಶಿಕ್ಷಕಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಬಂದರೆ ಓಣಿಯ ಮಕ್ಕಳೆಲ್ಲ ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಅಕ್ಕೋರು ಅನ್ನುತ್ತಿದ್ದೆ. ಅಂದು ಸಂಜೆ ಅವರು ಪಡಸಾಲೆಯಲ್ಲಿ ಕೂತು ಮೆಂತೆ ಪಲ್ಲೆ ಸೋಸುತ್ತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಕೂತೆ. ಬೋರ್ಡಿನ ಕತೆ ಹೇಳಿದೆ. ಅವರು ನಗಲಿಲ್ಲ.

“ತಪ್ಪು ನಿಂದಲ್ಲ, ಆ ‘ಟು’ ಅನ್ನೂದ ಎರಡು ಕಡೆ ಮಾರಿ ಮಾಡಿ ನಿಂದರತೈತಿ” ಅಂದರು. “ಆಕ್ಸೆಸ್ ಟು ದಿ ರೂಮ್ ಅಂದ್ರ ಕೋಣೀಗೆ ಹೋಗೂದು. ರಿಸ್ಟ್ರಿಕ್ಟೆಡ್ ಟು ಸ್ಟಾಫ್ ಅಂದ್ರ ಸ್ಟಾಫ್ ಅಷ್ಟ, ಉಳದವರಿಲ್ಲ. ಒಂದ ಅಕ್ಷರ, ಒಂದ್ ಕಡೆ ಬಾಗಲಾ ತೋರಸ್ತದ, ಇನ್ನೊಂದ್ ಕಡೆ ಮನಶ್ಯಾನ್ನ ತೋರಸ್ತದ.”

ಆಮೇಲೆ ಒಂದು ವಾಕ್ಯ ಕೊಟ್ಟರು. “ಐ ಹ್ಯಾವ್ ಆಕ್ಸೆಸ್ ಟು ದಿ ಟೆರೇಸ್. ಕನ್ನಡದಾಗ ಹೇಳು.”

ನಾನು ತಡವರಿಸದೆ ಹೇಳಿದೆ: “ನನಗ ಮಾಳಗಿ ಮ್ಯಾಲ ಹೋಗಾಕ ಬಿಡ್ತಾರ.”

“ಯಾರು ಬಿಡ್ತಾರ?”

“ನೀವ ಬಿಡ್ತೀರಲ್ರಿ ಅಕ್ಕೋರ, ಮನಿ ನಿಮ್ದು.”

“ನಾ ಎಲ್ಲಿ ಅದೀನಿ ಆ ಇಂಗ್ಲಿಷ್ ವಾಕ್ಯದಾಗ? ಹುಡುಕು.”

ಹುಡುಕಿದೆ. ಅವರು ಇರಲಿಲ್ಲ. ಅಲ್ಲಿ ಇದ್ದದ್ದು ನಾನು, ಮಾಳಿಗೆ, ಮತ್ತು ನನ್ನ ಬಳಿ ಇರುವ ಆಕ್ಸೆಸ್ ಅಷ್ಟೇ. ಅಕ್ಕೋರು ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಹೇಳಿದರು: “ನಾವು ‘ಬಿಡ್ತಾರ’ ಅಂದ ಕೂಡ್ಲೆ ಬಾಗಲದಾಗ ಒಬ್ಬರು ಬಂದು ನಿಂತಬಿಡ್ತಾರ. ಅವರ ಮಾರಿ ನೋಡೇ ನಾವು ಒಳಗ ಹೋಗಬೇಕು. ಇಂಗ್ಲಿಷಿನ ಹ್ಯಾವ್‌ನ್ಯಾಗ ಬಾಗಲದಾಗ ಯಾರೂ ಇಲ್ಲ. ಇದ್ದದ್ದು ಐತಿ, ಅಷ್ಟ.”

ಅಂದಿನಿಂದ ಸಂಜೆಯ ಪಾಠ ರೂಢಿಯಾಯಿತು. ಕಾರ್ಖಾನೆಯಲ್ಲಿ ಆಕ್ಸೆಸ್ ಎಂಬ ಮಾತಿಗೆ ಕೊರತೆ ಇರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೆರೆಯಲು ಹೋದರೆ ‘ಆಕ್ಸೆಸ್ ಡಿನೈಡ್’ ಎಂದು ಮುಖಕ್ಕೆ ಹೊಡೆದಂತೆ ಬರುತ್ತಿತ್ತು. ಸೂಪರ್‌ವೈಸರಿಗೆ ಹೇಳಿದರೆ ಅವರು ಮೇಲಿನವರಿಗೆ ‘ಗ್ರಾಂಟ್ ಆಕ್ಸೆಸ್’ ಎಂದು ಮೇಲ್ ಹಾಕುತ್ತಿದ್ದರು. ಕೆಲಸ ಬಿಟ್ಟುಹೋದವರ ಕಾರ್ಡು ಮರುದಿನವೇ ಕೆಲಸ ಮಾಡುತ್ತಿರಲಿಲ್ಲ, ಅವರ ಆಕ್ಸೆಸ್ಸನ್ನು ‘ರಿವೋಕ್’ ಮಾಡಲಾಗಿದೆ ಅನ್ನುತ್ತಿದ್ದರು. ಕೇಳಿದ ಒಂದೊಂದು ಮಾತನ್ನೂ ಮನೆಗೆ ತಂದು ಅಕ್ಕೋರ ಮುಂದೆ ಸುರಿಯುತ್ತಿದ್ದೆ. ಈ ಆಕ್ಸೆಸ್ ಎಂಬುದನ್ನು ಇಂಗ್ಲಿಷಿನವರು ಕೈಯಲ್ಲಿ ಹಿಡಿಯುವ ವಸ್ತುವಿನಂತೆ ಬಳಸುತ್ತಾರೆ ಎಂದು ನಿಧಾನವಾಗಿ ತಿಳಿಯಿತು. ಅದನ್ನು ಕೊಡಬಹುದು, ಕಸಿಯಬಹುದು, ಗಳಿಸಬಹುದು, ಕಳೆದುಕೊಳ್ಳಬಹುದು, ಕೆಲವರಿಗಷ್ಟೇ ಎಂದು ಕಟ್ಟಿಯೂ ಹಾಕಬಹುದು. ಯಾರೂ ಕೊಡದೆಯೂ ಅದು ಇರಬಹುದು. ಈ ಕೊನೆಯದು ನನಗೆ ಬಹಳ ಹಿಡಿಸಿತು. ನನ್ನ ಬಾಯಿಯಿಂದ ‘ಐ ಆಕ್ಸೆಸ್ ಟು ದಿ ಫೈಲ್’ ಎಂಬ ತಪ್ಪು ಹೋಗಲು ಬಹಳ ದಿನ ಹಿಡಿಯಿತು. ಆಕ್ಸೆಸ್ ನಾಮಪದವಾಗಿ ಬಂದರೆ ಟು ಬೇಕು, ಕ್ರಿಯಾಪದವಾಗಿ ಬಂದರೆ ಬೇಡ. ತಪ್ಪಿದಾಗಲೆಲ್ಲ ಅಕ್ಕೋರು ಒಂದು ಮೆಂತೆ ಕಡ್ಡಿಯನ್ನು ನನ್ನ ಮೇಲೆ ಎಸೆಯುತ್ತಿದ್ದರು.

ನಮ್ಮೂರು ಖಾನಾಪುರ ತಾಲೂಕಿನಲ್ಲಿ, ಹಲಸಿಯಿಂದ ಆಚೆ. ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಖಾನಾಪುರದಲ್ಲಿ ನೌಕರಿ ಮಾಡುತ್ತಾನೆ, ನಾನು ಕಾರ್ಖಾನೆಗೆ ಹೋಗುತ್ತೇನೆ. ಅಪ್ಪ ಮಾತ್ರ ಕುರಿ ಬಿಟ್ಟವನಲ್ಲ. ಬಿಡು ಎಂದು ನಾವೂ ಹೇಳಿಲ್ಲ. ಹಿಂಡಿನ ಮುಂದೆ ನಡೆಯುವಾಗ ಅವನ ಕುತ್ತಿಗೆ ನಿಲ್ಲುವ ರೀತಿಯೇ ಬೇರೆ.

ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ಊರಿಗೆ ಹೋದರೆ ಅಪ್ಪ ಮನೆಯಲ್ಲಿರಲಿಲ್ಲ. ಹಿಂಡು ಕತ್ತಲಾಗುವ ಹೊತ್ತಿಗೆ ಬಂತು. ಯಾವಾಗಲೂ ಹೊತ್ತು ಮುಳುಗುವ ಮೊದಲೇ ಹಟ್ಟಿ ಸೇರುತ್ತಿದ್ದ ಕುರಿಗಳು ಅಂದು ನಿಂತಲ್ಲೇ ಮಲಗಿದವು. ಅವ್ವ ನೀರು ಕೊಡುತ್ತಾ ಹೇಳಿದಳು: “ಹೊಂಡದ ದಾರಿ ಬಂದ್ ಆಗೈತಿ. ಅಷ್ಟ ದೂರ ಹೊಳಿಗೆ ಹೊಡಕೊಂಡು ಹೋಗಿ ಬರಬೇಕು ದಿನಾ.”

ಊರ ಹೊರಗಿನ ಹೊಂಡ ನಮ್ಮ ಕುರಿಗಳು ತಲೆಮಾರುಗಳಿಂದ ನೀರು ಕುಡಿದ ಜಾಗ. ಅದಕ್ಕೆ ಹೋಗುವ ದಾರಿಯ ಎರಡೂ ಬದಿಯ ಹೊಲ ಇತ್ತೀಚೆಗೆ ಮಾರಾಟವಾಗಿತ್ತು. ಕೊಂಡವರು ತಮಿಳುನಾಡಿನ ಕಡೆಯ ಒಬ್ಬ ಹಿರಿಯ ಹೆಂಗಸು. ಪ್ರವಾಸಿಗರು ಬಂದು ಇರುವಂತೆ ಸಣ್ಣ ಸಣ್ಣ ಮನೆ ಕಟ್ಟಿಸಿ, ಸುತ್ತ ಮಾವಿನ ಕಸಿ ಗಿಡ ನೆಟ್ಟು, ದಾರಿಯ ಬಾಯಿಗೇ ಕಬ್ಬಿಣದ ಗೇಟು ಹಾಕಿಸಿದ್ದರು. ಅಪ್ಪ ಹೋಗಿ ವಾಚಮನ್‌ನನ್ನು ಕೇಳಿದ್ದ. ಅವನಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಕೈ ಆಡಿಸಿ ಬೋರ್ಡು ತೋರಿಸಿದ್ದನಂತೆ.

“ಏನ್ ಬರದೈತಿ ಅಪ್ಪಾ ಬೋರ್ಡಿನ್ಯಾಗ?”

“ನನಗೇನ್ ಗೊತ್ತವಾ, ಇಂಗ್ಲಿಷು. ಬಿಡೂದಿಲ್ಲ ಅಂತ ಇರಬೇಕು. ಮತ್ತೇನ್ ಇರತೈತಿ ಗೇಟಿನ ಮ್ಯಾಲ?” ಅಪ್ಪ ಸಿಟ್ಟು ಮಾಡಿಕೊಂಡಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮಾಲಕಿ ರವಿವಾರ ಅಲ್ಲೇ ಇರುತ್ತಾರೆ ಎಂದು ಗೊತ್ತಾಯಿತು. “ನಾಳೆ ಹಿಂಡು ಹೊಳಿಗೆ ಬ್ಯಾಡ, ಹೊಂಡಕ್ಕ ಹೋಗೂಣು. ನಾನೂ ಬರ್ತೀನಿ” ಅಂದೆ. ಅಪ್ಪ ಕೋಲನ್ನು ಗೋಡೆಗೆ ಒರಗಿಸಿದ. “ಜಗಳಾ ಮಾಡಾಕ ಬರಾಂಗಿಲ್ಲ ನಾ” ಅಂದ. “ಜಗಳಾ ಅಲ್ಲ, ಮಾತು” ಅಂದೆ.

ಮರುದಿನ ಬಿಸಿಲು ಏರುವ ಹೊತ್ತಿಗೆ ಗೇಟಿನ ಮುಂದೆ ನಿಂತೆವು. ಹಿಂದೆ ಹಿಂಡು. ನೀರಿನ ವಾಸನೆ ಸಿಕ್ಕ ಕುರಿಗಳು ಗೇಟಿನ ಸರಳಿನ ನಡುವೆ ಮೂತಿ ತೂರಿಸುತ್ತಿದ್ದವು. ಬೋರ್ಡು ಓದಿದೆ: ‘ಪ್ರೈವೇಟ್ ಪ್ರಾಪರ್ಟಿ. ಆಕ್ಸೆಸ್ ರಿಸ್ಟ್ರಿಕ್ಟೆಡ್ ಟು ಗೆಸ್ಟ್ಸ್.’ ಖಾಸಗಿ ಜಾಗ, ಅತಿಥಿಗಳಿಗಷ್ಟೇ. ಈ ಸಲ ಓದುವಾಗ ಒಂದಿಷ್ಟೂ ತಡವಾಗಲಿಲ್ಲ. ಅರ್ಥವಾಗದ ಬೋರ್ಡಿನ ಮುಂದೆ ಹೆದರಿಕೆ ಇರುತ್ತದೆ. ಅರ್ಥವಾದ ಬೋರ್ಡಿನ ಜೊತೆ ವಾದ ಮಾಡಬಹುದು.

ಕುರಿಗಳ ಸದ್ದು ಕೇಳಿ ಮಾಲಕಿಯೇ ಬಂದರು. ಬಿಳಿಗೂದಲು, ತಲೆಗೆ ದೊಡ್ಡ ಟೊಪ್ಪಿಗೆ, ಕೈಯಲ್ಲಿ ಕಳೆ ತೆಗೆಯುವ, ಮಣ್ಣು ಮೆತ್ತಿದ ಕುರ್ಚಿಗೆ. ಕನ್ನಡ, ಮರಾಠಿ, ಹಿಂದಿ ಯಾವುದೂ ಅವರಿಗೆ ಬಾರದು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಬೇಕಾದ ಇಂಗ್ಲಿಷ್ ಮಾತಷ್ಟನ್ನು ಹಾಗೇ ಬಿಟ್ಟು.

ಅವರಿಗೆ ನಮ್ಮ ಮೇಲೆ ಹಗೆ ಇರಲಿಲ್ಲ. ಕುರಿಗಳ ಮೇಲೆ ಇತ್ತು. ಹೋದ ತಿಂಗಳು ಯಾರದೋ ಮೇಕೆ ನುಗ್ಗಿ ಒಂದು ಸಾಲು ಕಸಿಯನ್ನೇ ತಿಂದು ಹಾಕಿತ್ತಂತೆ. ಆ ಸಾಲನ್ನು ಕೈಮಾಡಿ ತೋರಿಸಿದರು. ಮಗುವಿಗೆ ಆದ ಗಾಯ ತೋರಿಸುವಂತಿತ್ತು. ಅಪ್ಪನಿಗೆ ಹೇಳಿದೆ. ಅವನು ಆ ಬೋಳು ಗಿಡಗಳನ್ನು ನೋಡಿ ಲೊಚಗುಟ್ಟಿದ. “ಖರೇ ಲುಕ್ಸಾನ ಆಗೈತಿ ಪಾಪ” ಅಂದ.

ನಮಗೆ ನಿಮ್ಮ ತೋಟ ಬೇಡ, ಹೊಂಡದ ನೀರು ಬೇಕು, ಅದಕ್ಕೆ ದಾರಿ ಇದೊಂದೇ ಎಂದೆ. ಅವರು ಯೋಚಿಸಿದರು. ಆಮೇಲೆ ಮುಖ ಸಡಿಲಿಸಿ ಹೇಳಿದರು: “ಸರಿ. ಐ ಕ್ಯಾನ್ ಗಿವ್ ಯೂ ಆಕ್ಸೆಸ್. ಬೆಳಿಗ್ಗೆ ಸ್ವಲ್ಪ ಹೊತ್ತು. ವಾಚಮನ್‌ಗೆ ಹೇಳಿರುತ್ತೇನೆ.”

ನಾನು ಅಪ್ಪನ ಕಡೆ ತಿರುಗಿದೆ. “ಬೆಳಿಗ್ಗೆ ಸ್ವಲ್ಪ ಹೊತ್ತು ಬಿಡ್ತಾರಂತ.”

ಅಪ್ಪನ ಮುಖ ಅರಳಿತು. ಕೈ ಮುಗಿಯಲು ಎರಡೂ ಕೈ ಎತ್ತಿಯೇ ಬಿಟ್ಟಿದ್ದ. ಬಿಡ್ತಾರ ಎಂದು ನಾನೇ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. ಕೂಡಲೇ ಅವನ ಕೈ ಹಿಡಿದೆ.

“ಅಪ್ಪಾ, ತಡಿ. ಇವರು ‘ಕೊಡ್ತೀನಿ’ ಅನ್ನಾಕತ್ತಾರ. ಇದು ಇವರು ಕೊಡೂದಲ್ಲ. ನಮಗ ಇದ್ದದ್ದ.”

“ಎರಡೂ ಒಂದ ಅಲ್ಲೇನವಾ? ಕುರಿ ನೀರ ಕುಡದ್ರ ಆತು.”

“ಇವತ್ತ ಕೊಟ್ಟವರು ನಾಳೆ ಬ್ಯಾಡ ಅಂದ್ರ? ಇವರು ಮಾರಿ ಹೋಗಿ ಮತ್ತೊಬ್ಬರು ಬಂದ್ರ? ಅವರ ಮುಂದೂ ಹಿಂಗ ನಿಂದರೂದಾ?”

ಅಪ್ಪ ಹಿಂಡಿನ ಕಡೆ ನೋಡಿದ. ಎತ್ತಿದ್ದ ಕೈಗಳನ್ನು ಇಳಿಸಿ ಕೋಲು ಹಿಡಿದುಕೊಂಡ. “ಹಂಗಾರ ಹೇಳು. ಆದ್ರ ಸಾವಕಾಶ ಹೇಳು. ಆಕಿ ವಯಸ್ಸಿನ್ಯಾಗ ದೊಡ್ಡಾಕಿ.”

ಕಾರ್ಖಾನೆಯಲ್ಲಿ ಅಳತೆ ಹೇಳುವ ಇಂಗ್ಲಿಷ್ ಬೇರೆ, ಇದು ಬೇರೆ. ಆದರೂ ವಾಕ್ಯ ತಾನಾಗಿ ಜೋಡಿಸಿಕೊಂಡು ಬಂತು: “ಮ್ಯಾಡಮ್, ಪ್ಲೀಸ್ ಡೋಂಟ್ ಸೇ ಗಿವ್. ವಿ ಹ್ಯಾವ್ ಆಕ್ಸೆಸ್ ಟು ದಿ ಪಾಂಡ್. ನಮ್ಮ ಅಪ್ಪನಿಗೆ ಇತ್ತು, ಅವನ ಅಪ್ಪನಿಗೆ ಇತ್ತು. ಯಾರೂ ಕೊಟ್ಟದ್ದಲ್ಲ.”

ಅವರ ಮುಖ ಬಿಗಿಯಾಯಿತು. “ಅಂದರೆ? ಈ ಜಾಗ ನನ್ನದಲ್ಲ ಅನ್ನುತ್ತೀಯಾ?”

“ಜಾಗ ನಿಮ್ಮದೇ. ತೋಟ ನಿಮ್ಮದೇ. ತೋಟಕ್ಕೆ ಬರಲು ನೀವು ಯಾರಿಗೆ ಬೇಕಾದರೂ ಆಕ್ಸೆಸ್ ಕೊಡಿ, ಯಾರಿಗೆ ಬೇಕಾದರೂ ಬೇಡ ಅನ್ನಿ. ಆದರೆ ಹೊಂಡ ಊರಿನದು. ಅದರ ದಾರಿಯೂ ಊರಿನದು. ನಿಮಗೂ ಅದಕ್ಕೆ ಆಕ್ಸೆಸ್ ಇದೆ, ನಮಗೂ ಇದೆ. ನಮ್ಮಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡುವಂಥದ್ದಲ್ಲ.”

“ನನಗೆ ಮಾರಿದವರು ಇಲ್ಲಿ ದಾರಿಯೇ ಇಲ್ಲ ಅಂದರು” ಎಂದು ಅವರು ನಿಧಾನಕ್ಕೆ ಅಂದರು. ದನಿಯಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು. ಅಪ್ಪನಿಗೆ ಹೇಳಿದೆ. ಅವನು ಒಂದೇ ಮಾತು ಅಂದ: “ಬರ್ರಿ, ತೋರಸ್ತೀನಿ.” ಅದನ್ನು ನಾನು ಇಂಗ್ಲಿಷ್ ಮಾಡುವ ಮೊದಲೇ ಅವರಿಗೆ ಅರ್ಥವಾಗಿತ್ತು. ಗೇಟು ತೆಗೆದರು.

ಹಿಂಡನ್ನು ನಾನು ಹೊರಗೆ ತಡೆದು ನಿಂತೆ. ಅಪ್ಪ ಮುಂದೆ, ಅವರು ಹಿಂದೆ ನಡೆದರು. ನಾನಿದ್ದಲ್ಲಿಂದ ಎಲ್ಲ ಕಾಣುತ್ತಿತ್ತು. ದಾರಿಯ ನಡುವೆ ಒಂದು ಹಾಸುಬಂಡೆ ಇದೆ. ಕುರಿಗಳ ಗೊರಸು ತಾಗಿ ತಾಗಿ ಅದರ ನಡುಭಾಗ ತೊಟ್ಟಿಲಿನ ಹಾಗೆ ಸವೆದಿದೆ. ಅಪ್ಪ ಬಗ್ಗಿ ಅದರ ಮೇಲೆ ಅಂಗೈ ಸವರಿದ. ಅವರೂ ಬಗ್ಗಿದರು, ಅವರೂ ಸವರಿದರು. ಹೊಂಡದ ದಂಡೆಯಲ್ಲಿ ಕಲ್ಲಿನಲ್ಲಿ ಕಡೆದ ನೀರಿನ ದೋಣಿ ಇದೆ, ಮರಿಗಳು ಕುಡಿಯಲೆಂದು ಹಿರಿಯರು ಮಾಡಿಸಿದ್ದು. ಹೂವಿನ ಗಿಡ ಇಡಲು ಚೆನ್ನಾಗಿದೆ ಎಂದುಕೊಂಡು ಮಾಲಕಿ ಅದರಲ್ಲಿ ಮಣ್ಣು ತುಂಬಿಸಿಟ್ಟಿದ್ದರು. ಅಪ್ಪ ದೋಣಿಯ ಅಂಚಿಗೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಒರೆಸಿದ. ಅವರು ಅಪ್ಪನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಕುರ್ಚಿಗೆಯಿಂದ ತಾವೇ ಮಣ್ಣು ಬಗೆದು ಹೊರಗೆ ಹಾಕಲು ಶುರುಮಾಡಿದರು. ಅಪ್ಪನೂ ಕೂತು ಕೈಯಿಂದ ಬಗೆಯತೊಡಗಿದ.

ಮರಳಿ ಬಂದಾಗ ಅವರ ಸೀರೆಯ ಅಂಚಿಗೆ ಕೆಸರು ಮೆತ್ತಿತ್ತು. ಪಂಚಾಯತಿಯಲ್ಲಿ ವಿಚಾರಿಸುತ್ತೇನೆ, ಅಲ್ಲಿಯವರೆಗೆ ಗೇಟು ತೆರೆದೇ ಇರಲಿ ಎಂದರು. ಹಿಂಡು ಒಳಗೆ ನುಗ್ಗಿತು. ನಾನೂ ಅಪ್ಪನೂ ಎರಡೂ ಬದಿ ಓಡಿ ಓಡಿ ಒಂದು ಕುರಿಯ ಮೂತಿಯೂ ಕಸಿಗೆ ತಾಗದಂತೆ ಕಾದೆವು. ಮಾಲಕಿಯೂ ಟೊಪ್ಪಿಗೆ ಬೀಸುತ್ತಾ ನಮ್ಮ ಜೊತೆ ಓಡಿದರು.

ಸೋಮವಾರ ನಸುಕಿನ ಬಸ್ಸು ಹಿಡಿದು ಬಂದೆ. ಖಾನಾಪುರದಿಂದ ಬರುವ ಬಸ್ಸಿಗೆ ಮಚ್ಛೆಯೇ ಮೊದಲು, ಬೆಳಗಾವಿ ಆಮೇಲೆ. ನೇರ ಕಾರ್ಖಾನೆಗೆ ಇಳಿದು, ಕೆಲಸ ಮುಗಿಸಿ ಸಂಜೆ ಮನೆ ಸೇರಿದೆ. ಅಕ್ಕೋರು ಪಡಸಾಲೆಯಲ್ಲಿದ್ದರು. ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ.

“ಆಕಿ ಗಿವ್ ಅಂದ್ಲು, ನೀ ಹ್ಯಾವ್ ಅಂದಿ?”

“ಹೌದ್ರಿ ಅಕ್ಕೋರ.”

“ಹ್ಯಾವ್ ಆಕ್ಸೆಸ್ ಟು ದಿ ಪಾಂಡ್ ಅಂದಿ? ಟು ಹಚ್ಚಿ?”

“ಹಚ್ಚೀನ್ರಿ.”

ಅವರು ಎದ್ದು ಬಂದು ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದರು. “ಇಷ್ಟ ವರ್ಷ ಸಾಲ್ಯಾಗ ಕಲಿಸೀನಿ, ನನ್ನ ವ್ಯಾಕರಣ ಕುರಿಗೆ ನೀರ ಕುಡಿಸಿದ್ದು ಇದ ಮೊದಲು” ಎಂದು ಓಣಿಗೆಲ್ಲ ಕೇಳುವಂತೆ ನಕ್ಕರು. ಬಾಜು ಮನೆಯವರು ಕಿಟಕಿಯಲ್ಲಿ ಇಣುಕಿ ಏನಾತ್ರಿ ಎಂದು ಕೇಳಿದಾಗ ಅವರಿಗೂ ಮೊದಲಿನಿಂದ ಹೇಳಬೇಕಾಯಿತು.

ಪಂಚಾಯತಿಯವರು ಬಂದು ಅಳೆದರು. ಊರಿಗೆಲ್ಲ ಗೊತ್ತಿದ್ದದ್ದನ್ನೇ ಹೇಳಿದರು: ಅದು ಊರ ದಾರಿ, ಹೊಲದ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೊಂದು ದಿನ ಮಾಲಕಿ ನನಗೆ ಫೋನ್ ಮಾಡಿದರು. ನಂಬರನ್ನು ಅಣ್ಣನಿಂದ ಪಡೆದಿದ್ದರು. ಗೇಟು ಕೀಳಿಸಿ ದಾರಿಯ ಎರಡೂ ಬದಿಗೆ ಬೇಲಿ ಹಾಕಿಸುತ್ತೇನೆ, ಹೊಸ ಬೋರ್ಡು ಬರೆಯಬೇಕು, ನೀನು ಬಾ ಎಂದರು. ನಾನು ಹೇಳಿದ ಮಾತು ತಮಗೆ ಮೊದಲು ಕೆಡುಕೆನಿಸಿತೆಂದೂ, ರಾತ್ರಿ ಮಲಗಿದಾಗ ಸರಿ ಎನಿಸಿತೆಂದೂ ಹೇಳಿದರು.

ಬೋರ್ಡಿನ ಇಂಗ್ಲಿಷ್ ಸುಲಭವಾಗಿ ಬಂತು. ಹೊಂಡದ ಆಕ್ಸೆಸ್ ಎಲ್ಲರಿಗೂ ತೆರೆದಿದೆ, ತೋಟದ ಆಕ್ಸೆಸ್ ಅತಿಥಿಗಳಿಗಷ್ಟೇ. ಮರಾಠಿಯದನ್ನು ಅಣ್ಣ ಹೇಳಿದ. ಕನ್ನಡಕ್ಕೆ ಬಂದಾಗ ನಾನು ನಿಂತೆ. ‘ಎಲ್ಲರನ್ನೂ ಬಿಡಲಾಗುವುದು’ ಎಂದು ಬರೆದರೆ ಬಾಗಿಲಿಗೆ ಒಬ್ಬರು ಬಂದು ನಿಲ್ಲುತ್ತಾರೆ. ‘ಪ್ರವೇಶವಿದೆ’ ಎಂದರೆ ಸಿನೆಮಾ ಮಂದಿರದ ಹಾಗೆ ಕೇಳುತ್ತದೆ. ಪೇಂಟರ್ ಬ್ರಷ್ ಅದ್ದಿಕೊಂಡು ಕಾಯುತ್ತಿದ್ದ. ಅಪ್ಪನನ್ನು ಕೇಳಿದೆ. “ಅದರಾಗೇನೈತಿ, ‘ಹೊಂಡದ ದಾರಿ ಎಲ್ಲಾರದು’ ಅಂತ ಬರಿ” ಅಂದ. ನಾನು ಇಷ್ಟು ದಿನ ಇಂಗ್ಲಿಷಿನಲ್ಲಿ ಹುಡುಕುತ್ತಿದ್ದ ಹ್ಯಾವ್ ಅಲ್ಲಿ ಆ ಸಣ್ಣ ‘ದು’ವಿನಲ್ಲಿ ಕೂತಿತ್ತು. ಅದನ್ನೇ ಬರೆಸಿದೆ. ಮೂರು ಭಾಷೆಯಲ್ಲಿ ಕನ್ನಡದ್ದೇ ಎಲ್ಲಕ್ಕಿಂತ ಚಿಕ್ಕದಾಯಿತು, ಅಕ್ಷರ ದೊಡ್ಡದು ಮಾಡಲು ಜಾಗ ಸಿಕ್ಕಿತು.

ಗೇಟು ಕಿತ್ತ ದಿನ ಊರಿನ ಉಳಿದ ಕುರಿಯವರೂ ತಮ್ಮ ಹಿಂಡು ತಂದಿದ್ದರು. ಧೂಳೆದ್ದು ಹಾಸುಬಂಡೆ ಕಾಣದಂತಾಯಿತು. ಕುರಿಗಳು ಹೊಂಡದ ಸುತ್ತ ಸಾಲಾಗಿ ನಿಂತು ಕುಡಿದವು, ಮರಿಗಳು ದೋಣಿಗೆ ಬಾಯಿ ಹಾಕಿದವು. ಹೊಸ ರುಮಾಲು ಸುತ್ತಿದ್ದ ಅಪ್ಪ ಮೊಣಕಾಲವರೆಗೆ ನೀರಿಗಿಳಿದು ಮುಖ ತೊಳೆದುಕೊಂಡ. ಮಾಲಕಿ ದಂಡೆಯ ಮೇಲೆ ಸ್ವಲ್ಪ ದೂರದಲ್ಲಿ ನಿಂತಿದ್ದರು, ಹತ್ತಿರ ಬರಬಹುದೋ ಬಾರದೋ ಎಂಬಂತೆ. ಅಪ್ಪ ಅದನ್ನು ನೋಡಿದ. ಮೇಲೆ ಬಂದು ದಂಡೆಯ ಒಂದು ಸಪಾಟು ಕಲ್ಲನ್ನು ರುಮಾಲಿನ ತುದಿಯಿಂದ ಒರೆಸಿದ.

“ತಂಗಿ, ಕುಂದರ್ರಿ ಅನ್ನಾಕ ಇಂಗ್ಲಿಷಿನ್ಯಾಗ ಏನಂತಾರ?”

“ಸಿಟ್ ಅಂತಾರ ಅಪ್ಪಾ.”

“ಅಷ್ಟ? ಅದಕ್ಕ ‘ರೀ’ ಇಲ್ಲೇನು?”

“ಪ್ಲೀಸ್ ಅಂತ ಹಚ್ಚತಾರ.”

ಅಪ್ಪ ಅವರ ಕಡೆ ತಿರುಗಿ, ಎದೆಯುಬ್ಬಿಸಿ, ಮನೆಗೆ ಬಂದ ಬೀಗರನ್ನು ಕರೆಯುವ ದನಿಯಲ್ಲಿ ಕೂಗಿದ: “ಪ್ಲೀಸ್ ಕುಂದರ್ರಿ!”

ಅವರು ಚಪ್ಪಲಿ ಬಿಟ್ಟು ಬಂದು ಕೂತರು.